ಬಾಯಿಗೆ ಎಟುಕದ ಕೈ

ಕನ್ನೇಗೌಡನ ಕೊಪ್ಪಲಿನಲ್ಲಿ ಯಾರ ಕೈ ಉಳುಕಿದರೂ ಯಾರ ಭುಜ ಜಾರಿದರೂ ಜನ ಮೊದಲು ಬರುತ್ತಿದ್ದುದು ಗರಡಿ ಮರಿಯಯ್ಯನ ಮನೆಗೆ. ಮರಿಯಯ್ಯ ಪ್ರಾಯದಲ್ಲಿ ಕುಸ್ತಿ ಆಡಿದವನು. ಅರವತ್ತು ದಾಟಿದ ಮೇಲೆ ಗರಡಿಯ ಮಣ್ಣು ಹದ ಮಾಡಿಕೊಂಡು, ಹೊಸಬರಿಗೆ ಪಟ್ಟು ಹೇಳಿಕೊಟ್ಟುಕೊಂಡು ಇದ್ದ. ಮೂಳೆ ಕೂರಿಸುವುದಕ್ಕೆ ಅವನು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ವಾಸಿಯಾದವರು ತಾವಾಗಿಯೇ ಒಂದು ತೆಂಗಿನಕಾಯಿ ತಂದು ಗರಡಿಯ ಹನುಮಂತನ ಮುಂದಿಟ್ಟು ಕೈಮುಗಿದು ಹೋಗುತ್ತಿದ್ದರು.

ಹೀಗಾಗಿ ಐವತ್ತೆಂಟನೆಯ ಇಸವಿಯ ಶ್ರಾವಣದಲ್ಲಿ ಅವನ ಒಬ್ಬಳೇ ಮಗಳು ಚೆಲುವಮ್ಮ ಬೀದಿ ನಲ್ಲಿಯ ಪಾಚಿಯ ಮೇಲೆ ಕೊಡದ ಸಮೇತ ಜಾರಿ ಬಿದ್ದು ಬಲಮೊಣಕೈ ಹಿಂದಕ್ಕೆ ಸರಿದಾಗ, ಅವಳನ್ನು ಬೇರೆಲ್ಲಿಗಾದರೂ ಕರೆದೊಯ್ಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

"ಅಪ್ಪಾ, ನನ್ ಕೈ ಹೋಯ್ತು!"

"ಎಲ್ಲೂ ಹೋಗಿಲ್ಲ ಕಣವ್ವ, ಇಲ್ಲೇ ಅದೆ. ಆ ಕಡೀಕೆ ಮುಖ ತಿರುಗ್ಸು. ಲೇ ಚಿಕ್ಕ, ಭುಜ ಹಿಡ್ಕೊಳ್ಳೊ."

ಚಿಕ್ಕಣ್ಣ ಹೆಂಡತಿಯ ಭುಜ ಅದುಮಿ ಹಿಡಿದ. ಮರಿಯಯ್ಯ ಮುಂಗೈ ಜಗ್ಗಿ, ಹೆಬ್ಬೆರಳಿನಿಂದ ಮೊಣಕೈಯ ಹಿಂಬದಿ ಒತ್ತಿ, ಒಂದೇ ಸಲಕ್ಕೆ ಮಡಿಸಿದ. ಲಟಕ್ಕೆಂದು ಕೀಲು ತನ್ನ ಜಾಗಕ್ಕೆ ಕೂತಿತು. ಚೆಲುವಮ್ಮ ಒಂದು ಸಲ ಚೀರಿ ಸುಮ್ಮನಾದಳು. ಅವಳ ತಾಯಿ ಕೆಂಚಮ್ಮ ಮೊಟ್ಟೆಯ ಬಿಳಿಗೆ ಉದ್ದಿನ ಹಿಟ್ಟು ಕಲಸಿ ತಂದಳು. ಪಟ್ಟು ಹಾಕಿ ಕಟ್ಟಿದ್ದಾಯಿತು.

ಚಿಕ್ಕಣ್ಣ ಮರಿಯಯ್ಯನ ತೀರಿಹೋದ ತಂಗಿಯ ಮಗ. ಆರು ವರ್ಷದವನಿದ್ದಾಗ ಈ ಮನೆಗೆ ಬಂದವನು, ಮಾವನ ಕೈಯಲ್ಲೇ ಉಂಡು, ಮಾವನ ಗರಡಿಯಲ್ಲೇ ಬೆಳೆದು, ಮಾವನ ಮಗಳನ್ನೇ ಮದುವೆಯಾದ. ಅಶೋಕಪುರದ ರೈಲ್ವೆ ವರ್ಕ್‌ಷಾಪಿನಲ್ಲಿ ಕೆಲಸ ಸಿಕ್ಕಿದ ಮೇಲೂ ಮನೆಯಲ್ಲಿ ಅವನ ದನಿ ಏರಲಿಲ್ಲ. ಮಾವ ಹೇಳಿದರೆ ಆಯಿತು. ಚೆಲುವಮ್ಮ ಮದುವೆಗೆ ಮುಂಚೆ ಅವನನ್ನು ಬಾವ ಅನ್ನುತ್ತಿದ್ದಳು, ಮದುವೆಯಾದ ಮೇಲೂ ಬಾವ ಅಂತಲೇ ಕರೆಯುತ್ತಿದ್ದಳು. ಅವರಿಗೆ ಮೂರು ವರ್ಷದ ಒಂದು ಹೆಣ್ಣು ಕೂಸು, ಪುಟ್ಟತಾಯಿ.

ಹತ್ತು ದಿನಕ್ಕೆ ಕಟ್ಟು ಬಿಚ್ಚಿ ಮರಿಯಯ್ಯ ಉಜ್ಜಲು ಶುರುಮಾಡಿದ. ಬೆಳಿಗ್ಗೆ ಗರಡಿಯಿಂದ ಬಂದವನೇ ಹರಳೆಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ, ಮಗಳನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಭುಜದಿಂದ ಮುಂಗೈವರೆಗೆ ಬೆವರಿಳಿಯುವಂತೆ ನೀವುತ್ತಿದ್ದ. ಆಮೇಲೆ ಮೊಣಕೈಯನ್ನು ಮಡಿಸುವುದು. ಸಂಜೆ ಮತ್ತೆ ಅದೇ.

"ಸಾಕಪ್ಪಾ, ಸಾಯ್ತೀನಿ."

"ಇನ್ನೊಂದೇ ಒಂದ್ಸಲ ಕಣವ್ವ. ಇವತ್ತು ಇಷ್ಟು, ನಾಳೀಕೆ ಇನ್ನೊಂದ್ ಬೆರಳಷ್ಟು. ನೋಯ್ದೆ ಇದ್ರೆ ಕೀಲು ಹಿಡ್ಕೊಂಡ್ಬುಡ್ತದೆ."

ಮೊದಲ ವಾರ ಕೈ ಅರ್ಧ ಮಡಿಸುತ್ತಿತ್ತು. ಎರಡನೆಯ ವಾರ ಅದಕ್ಕಿಂತ ಕಡಿಮೆ. ಮೊಣಕೈಯ ಮುಂಭಾಗ ಬಿಸಿಯಾಗಿ ಊದಿಕೊಂಡಿತು. ಮರಿಯಯ್ಯ ಊತ ಇಳಿಯಲೆಂದು ಉಪ್ಪಿನ ಶಾಖ ಕೊಟ್ಟು ಇನ್ನೂ ಬಲವಾಗಿ ಉಜ್ಜಿದ. ಒಂದು ದಿನ ಬೆರಳಿಗೆ ಗಟ್ಟಿಯಾಗಿ ಏನೋ ಸಿಕ್ಕಿತು. ನರ ಗಂಟು ಬಿದ್ದಿದೆ, ಕರಗಿಸಬೇಕು ಅಂದುಕೊಂಡು ಆ ಜಾಗವನ್ನೇ ಹುಡುಕಿ ಹುಡುಕಿ ನೀವಿದ. ಗೌರಿ ಹಬ್ಬ ಬಂದು ಹೋಯಿತು. ದಸರಾ ಹತ್ತಿರವಾದಾಗ ಚೆಲುವಮ್ಮನ ಬಲಗೈ ಇತ್ತ ನೆಟ್ಟಗೂ ಆಗದೆ ಅತ್ತ ಮಡಿಸಲೂ ಆಗದೆ, ಕೊಡಲಿಯ ಕಾವಿನ ಹಾಗೆ ಒಂದೇ ರೀತಿ ನಿಂತುಬಿಟ್ಟಿತು.

ತಟ್ಟೆಯ ಮುಂದೆ ಕೂತರೆ ಕೈ ಮುದ್ದೆಗೆ ಎಟುಕುತ್ತಿತ್ತು. ಮುರಿದು ಸಾರಿಗೆ ಅದ್ದುವುದೂ ಆಗುತ್ತಿತ್ತು. ಅಲ್ಲಿಂದ ಬಾಯಿಗೆ ಬರುತ್ತಿರಲಿಲ್ಲ. ಎಡಗೈಯಲ್ಲಿ ತಿನ್ನಲು ಹೋದರೆ ಕೆಂಚಮ್ಮ ತಡೆದಳು.

"ಎಡಗೈಲಿ ಉಣ್ಣೋ ಗತಿ ಏನ್ ಬಂದದೆ ನಿಂಗೆ? ನಾನಿಲ್ವಾ? ಆ ಅನ್ನು."

ಕೆಂಚಮ್ಮ ಒಂದು ತುತ್ತು ಮೊಮ್ಮಗಳಿಗೆ, ಒಂದು ತುತ್ತು ಮಗಳಿಗೆ ಇಡುತ್ತಿದ್ದಳು. ಪುಟ್ಟತಾಯಿಗೆ ಅದು ದೊಡ್ಡ ಆಟ. "ಅವ್ವನೂ ಪಾಪು, ನಾನೂ ಪಾಪು," ಅಂತ ಚಪ್ಪಾಳೆ ತಟ್ಟುತ್ತಿದ್ದಳು. ಚೆಲುವಮ್ಮ ನಗುತ್ತಾ ನುಂಗುತ್ತಿದ್ದಳು. ಎರಡನೇ ಸಲ ಬಡಿಸಬೇಕಾ ಅಂದರೆ ಸಾಕು ಅನ್ನುತ್ತಿದ್ದಳು. ಹೊಟ್ಟೆ ತುಂಬಿದ್ದಕ್ಕಲ್ಲ, ತಾಯಿಯ ಊಟ ಆರಿಹೋಗುತ್ತದೆ ಅಂತ.

ಒಂದು ಬೆಳಿಗ್ಗೆ ಅವಳು ಗಂಡನನ್ನು ಹಿತ್ತಿಲಿಗೆ ಕರೆದು ತೋಳು ತೋರಿಸಿದಳು. "ಬಾವ, ಇಲ್ಲಿ ಮುಟ್ಟಿ ನೋಡಿ."

ಚಿಕ್ಕಣ್ಣ ಮುಟ್ಟಿ ನೋಡಿದ. ಮೊಣಕೈಯ ಮುಂದಿನ ಮೆತ್ತಗಿರಬೇಕಾದ ಮಾಂಸದಲ್ಲಿ ಕಲ್ಲಿನಂಥದ್ದು ಸಿಕ್ಕಿತು. ದಿನವೆಲ್ಲ ಕಬ್ಬಿಣ ಮುಟ್ಟುವ ಅವನ ಬೆರಳಿಗೆ ಅದು ನರದ ಗಂಟಲ್ಲ ಎಂದು ತಿಳಿಯಿತು.

ಅವತ್ತು ಸಂಜೆ ಊಟಕ್ಕೆ ಕೂತಾಗ ಅವನು ತಲೆ ಎತ್ತದೆ ಹೇಳಿದ. "ಮಾವ, ದೊಡ್ಡಾಸ್ಪತ್ರೇಲಿ ಮೂಳೆ ಡಾಕ್ಟ್ರು ಒಬ್ರು ಬಂದವ್ರಂತೆ. ನಮ್ಮ ವರ್ಕ್‌ಷಾಪಿನೋರು ಹೇಳ್ತಿದ್ರು. ಒಂದ್ಸಲ ತೋರಿಸ್ಕೊಂಡ್ ಬಂದ್ರೆ..."

ಮರಿಯಯ್ಯನ ಕೈ ತಟ್ಟೆಯಲ್ಲೇ ನಿಂತಿತು. "ಏನ್ ತೋರಿಸ್ತೀಯ?"

"ಕೈಯ."

"ಅದು ಕೈ ಅಂತ ನಂಗೂ ಗೊತ್ತು ಕಣ್ಲಾ. ನಲವತ್ತು ವರ್ಷದಿಂದ ಈ ಸೀಮೇಲಿ ಎಷ್ಟ್ ಜನಕ್ಕೆ ಕೂರ್ಸಿದೀನಿ ಗೊತ್ತಾ? ನೀನು ಕಾಲು ಮುರ್ಕೊಂಡಾಗ ಯಾವ ಡಾಕ್ಟ್ರು ಬಂದಿದ್ದ?"

"ನೀವೇ ಮಾವ."

"ಈಗ ನಡೀತಿದೀಯೋ ಇಲ್ವೋ?"

"ನಡೀತಿದೀನಿ."

ಕೆಂಚಮ್ಮ ಬಾಯಿ ಹಾಕಿದಳು. "ಅವನು ಕೇಳೋದ್ರಲ್ಲಿ ಏನ್ ತಪ್ಪು ಅದೆ? ಎರಡು ತಿಂಗಳಾಯ್ತು, ಮಗಳು ನನ್ ಕೈಲಿ ಉಣ್ತಾವ್ಳೆ."

"ಎಲ್ರೂ ಸೇರ್ಕೊಂಡ್ರಾ? ಸರಿ. ನನ್ ಮಗಳ ಕೈಯ ನನಗಿಂತ ಬಲ್ಲೋನು ಯಾರು ಅಂತ ನಾನೂ ನೋಡ್ತೀನಿ."

"ಅಪ್ಪ," ಚೆಲುವಮ್ಮ ಮೆಲ್ಲಗೆ ಹೇಳಿದಳು, "ನಾನು ಹೋಗ್ತೀನಿ. ನೀನೂ ಬಾ."

ಅವಳು ಕೇಳಿದ್ದಕ್ಕೆ ಅವನು ಇಲ್ಲ ಅನ್ನಲಿಲ್ಲ.

ಜಟಕಾ ಮಾಡಿಕೊಂಡು ಮೂವರೂ ಹೋದರು. ಎಕ್ಸ್‌ರೇ ತೆಗೆಸಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಮೂಳೆ ಡಾಕ್ಟರು ವೆಂಕಟಸುಬ್ಬಯ್ಯನವರು ತೆಳ್ಳಗಿನ ಆಳು, ಮಾತು ಚುರುಕು. ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ನೋಡಿ, ಇದು ತೋಳಿನ ಮೂಳೆ, ಇವೆರಡು ಮುಂಗೈಯವು. ಕೀಲು ಸರಿಯಾಗಿ ಕೂತಿದೆ. ಯಾರು ಕೂರಿಸಿದರೋ ಚೆನ್ನಾಗಿಯೇ ಕೂರಿಸಿದ್ದಾರೆ."

ಮರಿಯಯ್ಯ ಅಳಿಯನ ಕಡೆ ನೋಡಿದ.

"ಆದರೆ ಇಲ್ಲಿ, ಮುಂದುಗಡೆ, ಮೋಡ ಕವಿದ ಹಾಗೆ ಬೆಳ್ಳಗಿದೆಯಲ್ಲ, ಇದು ಇರಬಾರದು. ಇದು ಮಾಂಸ ಇರೋ ಜಾಗ. ಮಾಂಸದೊಳಗೆ ಮೂಳೆ ಬೆಳೆದಿದೆ. ಬಾಗಿಲ ಸಂದಿಗೆ ಕಲ್ಲಿಟ್ಟ ಹಾಗೆ ಕೈ ಮಡಿಸೋಕೆ ಬಿಡ್ತಿಲ್ಲ."

"ಮಾಂಸದಾಗೆ ಮೂಳೆ ಎಂಗೆ ಬೆಳೀತದೆ ಸ್ವಾಮಿ?" ಮರಿಯಯ್ಯ ಕೇಳಿದ.

"ಬಿದ್ದಾಗ ಒಳಗೆ ರಕ್ತ ಕಟ್ಟಿರುತ್ತೆ. ಸುಮ್ಮನೆ ಬಿಟ್ಟರೆ ತಾನಾಗಿ ಕರಗುತ್ತೆ. ದಿನಾ ಉಜ್ಜಿ, ಜಗ್ಗಿ, ಬಲವಂತವಾಗಿ ಮಡಿಸಿದರೆ ಗಾಯ ಆದ ಮಾಂಸ ಮತ್ತೆ ಮತ್ತೆ ಹರಿಯುತ್ತೆ. ಆ ಜಾಗದಲ್ಲಿ ಮೂಳೆ ಕಟ್ಟೋಕೆ ಶುರುವಾಗುತ್ತೆ. ಉಜ್ಜಿದಷ್ಟೂ ಬೆಳೆಯುತ್ತೆ." ಡಾಕ್ಟರು ಹಾಳೆ ಕೆಳಗಿಟ್ಟರು. "ಯಾರು ಉಜ್ಜಿದ್ದು?"

ಚಿಕ್ಕಣ್ಣ ಒಂದು ಹೆಜ್ಜೆ ಮುಂದೆ ಬಂದು, "ನಾನೇ ಸಾರ್," ಅಂದ.

"ನೀನಾ? ಗಂಡನಾ? ಹೆಂಡತಿ ಕೈ ಅಂದರೆ ಚಪಾತಿ ಹಿಟ್ಟು ಅಂದುಕೊಂಡೆಯಾ? ಎರಡು ತಿಂಗಳು ಅವಳು ಅರಚಿಕೊಂಡಿರೋದು ಕೇಳಿಸಲಿಲ್ಲವಾ ನಿನಗೆ?"

"ತಪ್ಪಾಯ್ತು ಸಾರ್."

ಚೆಲುವಮ್ಮ ಏನೋ ಹೇಳಲು ಬಾಯಿ ತೆರೆದಳು. ಚಿಕ್ಕಣ್ಣ ಅವಳ ಸೆರಗಿನ ತುದಿ ಹಿಡಿದು ಜಗ್ಗಿದ. ಮರಿಯಯ್ಯ ಗೋಡೆಗೆ ಒರಗಿ ನಿಂತಿದ್ದ.

"ಅದನ್ನ ಕೊಯ್ದು ತೆಗೆದ್ಬುಡಿ ಸಾರ್," ಅಂದ ಚಿಕ್ಕಣ್ಣ.

"ಈಗ ತೆಗೆದರೆ ಇದರ ಎರಡರಷ್ಟು ಬೆಳೆಯುತ್ತೆ. ಇನ್ನೂ ಹಸಿ ಇದೆ. ಬಲಿತು, ಬೆಳೆಯೋದು ನಿಲ್ಲಬೇಕು. ಒಂದು ವರ್ಷ ಆಗಬಹುದು. ಅಷ್ಟರಲ್ಲಿ ಸ್ವಲ್ಪ ಕರಗಿದರೂ ಕರಗಬಹುದು."

"ಅಲ್ಲೀಗಂಟ ಏನ್ ಮಾಡಬೇಕು?" ಚೆಲುವಮ್ಮ ಕೇಳಿದಳು.

"ಏನೂ ಮಾಡಬಾರದಮ್ಮ. ಮೂರು ವಾರ ಪಟ್ಟಿ ಹಾಕ್ತೀನಿ. ಆಮೇಲೆ ನೀನಾಗಿ ಎಷ್ಟು ಮಡಿಸ್ತೀಯೋ ಅಷ್ಟು. ಬೇರೆ ಯಾರೂ ಆ ಕೈ ಮುಟ್ಟಬಾರದು. ಎಣ್ಣೆ ಬೇಡ, ಶಾಖ ಬೇಡ, ಪ್ರೀತಿನೂ ಬೇಡ. ಗೊತ್ತಾಯ್ತಾ?"

ಮನೆಗೆ ಬಂದ ಮೇಲೆ ಕೆಂಚಮ್ಮ ಏನಾಯಿತೆಂದು ಕೇಳಿದಳು. ಚೆಲುವಮ್ಮ ಎಲ್ಲ ಹೇಳಿ, ಡಾಕ್ಟರು ಬಾವನಿಗೆ ಬೈದದ್ದನ್ನೂ ಹೇಳಿದಳು.

"ಇವನ್ಗ್ಯಾಕೆ ಬೈದ್ರು? ಇವನೆಲ್ಲಿ ಉಜ್ಜಿದ?" ಅಂದವಳು ಗಂಡನ ಮುಖ ನೋಡಿ ಮಾತು ನಿಲ್ಲಿಸಿದಳು. ಮರಿಯಯ್ಯ ಟವೆಲು ಹೆಗಲಿಗೆ ಹಾಕಿಕೊಂಡು ಗರಡಿಗೆ ಹೋದ. ಆ ಹೊತ್ತಿನ ಊಟಕ್ಕೆ ಬರಲಿಲ್ಲ. ಮಾರನೆಯ ದಿನವೂ ಉಂಡ ಹಾಗೆ ಮಾಡಿ ಎದ್ದ. ಮೂರನೆಯ ದಿನ ತಟ್ಟೆ ಪಕ್ಕಕ್ಕೆ ಸರಿಸಿ ಅಳಿಯನನ್ನು ಕೇಳಿದ.

"ಚಿಕ್ಕ, ಯಾಕ್ಲಾ ಸುಳ್ಳೇಳ್ದೆ?"

"ಯಾರಾದ್ರೇನು ಮಾವ."

"ನಂಗೆ ಬೈಸ್ಕೊಳ್ಳೋ ಧೈರ್ಯ ಇಲ್ಲ ಅನ್ಕೊಂಡ್ಯಾ?"

"ಅಂಗಲ್ಲ ಮಾವ. ನಿಮ್ಮುನ್ನ ಬೈಯೋದ್ನ ನಿಂತ್ಕೊಂಡು ನೋಡೋ ಧೈರ್ಯ ನಂಗಿರ್ಲಿಲ್ಲ."

ಮರಿಯಯ್ಯ ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ಉಂಡ.

ಮಾರನೆಯ ಬೆಳಿಗ್ಗೆ ಯಾರಿಗೂ ಹೇಳದೆ ಆಸ್ಪತ್ರೆಗೆ ನಡೆದುಕೊಂಡೇ ಹೋದ. ಸಾಲಿನಲ್ಲಿ ನಿಂತು ಡಾಕ್ಟರ ಮುಂದೆ ಬಂದಾಗ ಹನ್ನೊಂದು ಗಂಟೆ.

"ಸ್ವಾಮಿ, ಮೊನ್ನೆ ಉಜ್ಜಿದ್ದು ನಾನು ಅಂದನಲ್ಲ, ಅವನಲ್ಲ. ನಾನು. ಅವಳ ಅಪ್ಪ."

ಡಾಕ್ಟರಿಗೆ ಯಾರ ವಿಷಯ ಎಂದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಓಹೋ, ಆ ಮೊಣಕೈ. ಯಾರು ಉಜ್ಜಿದರೇನ್ರೀ, ಈಗ ನಿಲ್ಲಿಸಿದ್ದೀರಾ?"

"ನಿಲ್ಲಿಸಿದೀನಿ."

"ಕೀಲು ಕೂರಿಸಿದ್ದೂ ನೀವೇನಾ? ಬೇರೆಯವರಿಗೂ ಮಾಡ್ತೀರಾ?"

"ಮಾಡ್ತೀನಿ ಸ್ವಾಮಿ. ಬೇಕಾದಷ್ಟು ಜನಕ್ಕೆ ವಾಸಿ ಆಗಿದೆ."

"ಆಗಿರುತ್ತೆ. ವಾಸಿಯಾದವರು ಬಂದು ಹೇಳ್ತಾರೆ. ಆಗದವರು ಬಂದು ಹೇಳ್ತಾರಾ?"

ವಾಪಸು ಬರುವಾಗ ಮರಿಯಯ್ಯನಿಗೆ ದಾರಿಯುದ್ದಕ್ಕೂ ವಾಸಿಯಾಗದವರು ಒಬ್ಬೊಬ್ಬರೇ ನೆನಪಾದರು. ಹೂ ಮಾರುವವಳ ಮಗಳು, ಬುಟ್ಟಿಯನ್ನು ಸದಾ ಎಡಗೈಯಲ್ಲೇ ಹಿಡಿಯುವವಳು. ಕೊಡಲಿ ಬಿಟ್ಟು ಕಾವಲುಗಾರನಾದ ಸೌದೆ ಒಡೆಯುವ ಹುಚ್ಚಯ್ಯ. ಅವರೆಲ್ಲ ಸರಿಯಾಗಿ ಬಂದು ಉಜ್ಜಿಸಿಕೊಳ್ಳಲಿಲ್ಲ, ಅದಕ್ಕೇ ಹಾಗಾಯಿತು ಎಂದು ಅವನು ಇಷ್ಟು ವರ್ಷ ಅಂದುಕೊಂಡಿದ್ದ. ಕೊಪ್ಪಲಿನ ತಿರುವಿನಲ್ಲಿ ಕಲ್ಲಿನ ಮೇಲೆ ಕೂತು, ಬಿಸಿಲು ಇಳಿದ ಮೇಲೆ ಎದ್ದು ಮನೆಗೆ ಬಂದ.

ಹೀಗೆ ಕಾಯುವ ವರ್ಷ ಶುರುವಾಯಿತು.

ಚೆಲುವಮ್ಮನಿಗೆ ದೊಡ್ಡ ದೊಡ್ಡ ಕೆಲಸಗಳು ತಪ್ಪಿದ್ದಕ್ಕಿಂತ ಸಣ್ಣವು ತಪ್ಪಿದ್ದು ಸಂಕಟ. ಕೆನ್ನೆಯ ಮೇಲೆ ಕೂದಲು ಬಿದ್ದರೆ ಸರಿಸಿಕೊಳ್ಳಲು ಬಲಗೈ ತಾನಾಗಿ ಏಳುತ್ತಿತ್ತು, ಅರ್ಧದಲ್ಲೇ ನಿಲ್ಲುತ್ತಿತ್ತು. ಕುಂಕುಮ ಎಡಗೈಯಲ್ಲಿ ಇಟ್ಟುಕೊಳ್ಳಲು ಮನಸ್ಸಾಗದೆ ಮಗಳ ಮುಂದೆ ಬಗ್ಗುತ್ತಿದ್ದಳು. ಪುಟ್ಟತಾಯಿ ಒಂದೊಂದು ದಿನ ಒಂದೊಂದು ಕಡೆ ಇಡುತ್ತಿದ್ದಳು. ಜಡೆ ಹಾಕಲು ಮೊದಲು ಕೆಂಚಮ್ಮ ಕೂರುತ್ತಿದ್ದಳು. ಒಂದು ಬೆಳಿಗ್ಗೆ ಅವಳು ಮಾರ್ಕೆಟ್ಟಿಗೆ ಹೋಗಿದ್ದಾಗ ಚಿಕ್ಕಣ್ಣ ಬಾಚಣಿಗೆ ತೆಗೆದುಕೊಂಡ.

"ನಿಮ್ಗೆಲ್ಲಿ ಬತ್ತದೆ ಬಾವ?"

"ಹಗ್ಗ ಹೊಸ್ದಿಲ್ವಾ ನಾನು?"

ಜಡೆ ಹಗ್ಗದಂತೆಯೇ ಬಿಗಿಯಾಗಿ ಬಂತು. ತಲೆ ನೋಯುತ್ತಿದ್ದರೂ ಚೆಲುವಮ್ಮ ಸಂಜೆವರೆಗೆ ಬಿಚ್ಚಲಿಲ್ಲ. ಆಮೇಲೆ ವರ್ಕ್‌ಷಾಪಿನ ಸೈರನ್ನು ಕೂಗುವ ಮುಂಚೆ ದಿನವೂ ಅದು ಅವನದೇ ಕೆಲಸವಾಯಿತು.

ಒಂದು ಭಾನುವಾರ ಕೆಂಚಮ್ಮನಿಗೆ ಜ್ವರ ಬಂದು ಮಲಗಿದಳು. ಹಸಿವೆಂದು ಅಳುತ್ತಿದ್ದ ಪುಟ್ಟತಾಯಿಯನ್ನು ಎದುರಿಗೆ ಕೂರಿಸಿಕೊಂಡು ಚೆಲುವಮ್ಮ ಅನ್ನಕ್ಕೆ ಸಾರು ಕಲಸಿದಳು. ಕೈಯನ್ನು ಇದ್ದ ಹಾಗೇ ಮುಂದೆ ಚಾಚಿ ತುತ್ತು ಎತ್ತಿದರೆ ಕೂಸಿನ ಬಾಯಿಗೆ ಸರಿಯಾಗಿ ಹೋಯಿತು. ಎರಡನೆಯ ತುತ್ತೂ ಹೋಯಿತು. ಅವಳ ಕಣ್ಣು ತುಂಬಿತು. ಇಷ್ಟು ದಿನ ಯಾರೂ ಅದನ್ನು ಪರೀಕ್ಷೆ ಮಾಡಿಯೇ ಇರಲಿಲ್ಲ. ಬೇರೆಯವರ ಬಾಯಿಗೆ ಎಟುಕುವ ಕೈ ತನ್ನ ಬಾಯಿಗೆ ಮಾತ್ರ ಎಟುಕುತ್ತಿರಲಿಲ್ಲ.

"ಬಾವ, ಬನ್ನಿ ಇಲ್ಲಿ. ಕೂತ್ಕೊಳ್ಳಿ."

ಚಿಕ್ಕಣ್ಣ ಮಗಳ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು ಬಾಯಿ ತೆರೆದ. ಅವಳು ಇಟ್ಟಳು. ಅವನು ಅಗಿಯುತ್ತಾ ಅವಳನ್ನು ನೋಡಿದ. ಆಮೇಲೆ ಅದೇ ತಟ್ಟೆಯಿಂದ ಒಂದು ತುತ್ತು ಕಲಸಿ ಅವಳ ಬಾಯಿಗೆ ಇಟ್ಟ. ಒಳಗೆ ಮಲಗಿದ್ದ ಕೆಂಚಮ್ಮ ಬಾಗಿಲ ಸಂದಿಯಲ್ಲಿ ಅದನ್ನು ನೋಡಿ ಗೋಡೆಯ ಕಡೆ ಹೊರಳಿಕೊಂಡಳು.

ಮರಿಯಯ್ಯ ಮಾತ್ರ ಮಗಳಿಂದ ದೂರವೇ ಇರುತ್ತಿದ್ದ. ನೀರು ಹಿಡಿದು ತರುತ್ತಿದ್ದ, ಸೌದೆ ಸೀಳುತ್ತಿದ್ದ, ಪಾತ್ರೆ ಕೂಡ ಬೆಳಗುತ್ತಿದ್ದ. ಮಗಳು ಪಕ್ಕಕ್ಕೆ ಬಂದರೆ ಎದ್ದು ಹೋಗುತ್ತಿದ್ದ. ಅವಳಿಗೆ ಲೋಟ ಕೊಡಬೇಕಾದರೆ ನೆಲದ ಮೇಲಿಟ್ಟು ಸರಿಸುತ್ತಿದ್ದ. ಚಿಕ್ಕಂದಿನಲ್ಲಿ ಅವಳನ್ನು ಭುಜದ ಮೇಲೆ ಕೂರಿಸಿಕೊಂಡು ಕೊಪ್ಪಲು ಸುತ್ತಿದವನು, ಈಗ ಅವಳ ನೆರಳಿಗೂ ಹೆದರುವವನಂತೆ ಓಡಾಡುತ್ತಿದ್ದ.

ಯುಗಾದಿಗೆ ಮುಂಚೆ ಒಂದು ಮಧ್ಯಾಹ್ನ ಬಚ್ಚಲಮನೆಯಿಂದ ಎಣ್ಣೆಯ ವಾಸನೆ ಬಂತು. ಮರಿಯಯ್ಯ ಹೋಗಿ ನೋಡಿದರೆ ಕೆಂಚಮ್ಮ ಮಗಳ ತೋಳು ತೊಡೆಯ ಮೇಲಿಟ್ಟುಕೊಂಡು ನೀವುತ್ತಿದ್ದಳು. ನಂಜನಗೂಡಿನ ಕಡೆಯ ಯಾರೋ ಹೆಂಗಸು ಕೊಟ್ಟ ಬೇರಿನ ಎಣ್ಣೆ.

"ಬುಡೇ ಕೈಯ!" ಅವನ ದನಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಬಾಟ್ಲಿ ಕಿತ್ತುಕೊಂಡು ಚರಂಡಿಗೆ ಸುರಿದ.

"ಎಲ್ಡು ತಿಂಗ್ಳು ನೀನ್ ಉಜ್ಜಿದೆ. ನಾನು ಒಂದಿನ ಉಜ್ಜುದ್ರೆ ತಪ್ಪಾ?" ಕೆಂಚಮ್ಮನೂ ಕೂಗಿದಳು.

"ನಾನ್ ಉಜ್ಜಿದ್ದಕ್ಕೇ ಕಣೇ ಹೇಳ್ತಿರೋದು!"

"ಹೆತ್ತೋಳು ಕಣಯ್ಯ ನಾನು. ಮಗ್ಳು ಕಣ್ಮುಂದೆ ಹಿಂಗಿರುವಾಗ ಕೈ ಕಟ್ಕೊಂಡು ಕೂರೋಕಾಯ್ತದಾ?"

"ಆಯ್ತದೆ." ಅವನ ದನಿ ತಗ್ಗಿತು. "ನಾನು ಕೂತಿಲ್ವಾ?"

ಕೆಂಚಮ್ಮ ಸೆರಗಿನಿಂದ ಮಗಳ ತೋಳಿನ ಎಣ್ಣೆ ಒರೆಸಿದಳು. ಚೆಲುವಮ್ಮ ಇಬ್ಬರ ನಡುವೆ ಕೂತು ತನ್ನ ಕೈಯನ್ನೇ ನೋಡಿಕೊಂಡಳು, ಅದು ಬೇರೆ ಯಾರದೋ ಅನ್ನುವ ಹಾಗೆ.

ಅದೇ ಬೇಸಿಗೆಯಲ್ಲಿ ಹಿಂದಿನ ಬೀದಿಯ ಬಸಮ್ಮ ಮೊಮ್ಮಗಳನ್ನು ಎತ್ತಿಕೊಂಡು ಓಡಿಬಂದಳು. ಹುಡುಗಿ ಸೀಬೆಮರದಿಂದ ಬಿದ್ದಿದ್ದಳು. ಮೊಣಕೈ ಊದಿಕೊಂಡಿತ್ತು. ಮರಿಯಯ್ಯ ಹೆಗಲ ಟವೆಲು ತೆಗೆದು ಕೈಯನ್ನು ಕುತ್ತಿಗೆಗೆ ಜೋಲಿ ಕಟ್ಟಿದ.

"ನಡೀರಿ, ದೊಡ್ಡಾಸ್ಪತ್ರೆಗೆ."

"ಆಸ್ಪತ್ರೆಗಾ? ನೀನು ಕೂರ್ಸು ಮರಿಯಣ್ಣ. ಒಂದ್ ಕ್ಷಣದ ಕೆಲ್ಸ."

"ಆಗಾಕಿಲ್ಲ ಬಸಮ್ಮ."

"ಯಾಕೆ, ಕೈಗುಣ ಹೋಯ್ತಾ?"

ಬೀದಿಯಲ್ಲಿ ನಾಲ್ಕು ಜನ ಸೇರಿದ್ದರು. ಮರಿಯಯ್ಯ ಹುಡುಗಿಯನ್ನು ತಾನೇ ಎತ್ತಿಕೊಂಡ. "ಹೋಯ್ತು ಅಂತ್ಲೇ ಇಟ್ಕೊ. ನಡಿ ಬಿರ್ರನೆ."

ಆ ಮಾತು ಕೊಪ್ಪಲಿನಲ್ಲೆಲ್ಲ ಹಬ್ಬಿತು. ಮೂಳೆ ಕೂರಿಸಿಕೊಳ್ಳಲು ಬರುವವರು ನಿಂತರು. ಗರಡಿಗೆ ಬರುವವರೂ ಕಡಿಮೆಯಾದರು. ಅವನು ಯಾರಿಗೂ ಕಾರಣ ಬಿಡಿಸಿ ಹೇಳಲಿಲ್ಲ. ಕೇಳಿದವರಿಗೆ ಮಾತ್ರ, "ಕೀಲಿಗೆ ಪೆಟ್ಟಾದ್ರೆ ಉಜ್ಜಬ್ಯಾಡಿ," ಅನ್ನುತ್ತಿದ್ದ.

ಐವತ್ತೊಂಬತ್ತರ ಭಾದ್ರಪದದಲ್ಲಿ ಮತ್ತೆ ಎಕ್ಸ್‌ರೇ ತೆಗೆದರು. ಮೋಡದಂತಿದ್ದದ್ದು ಈಗ ಅಂಚು ಕಟ್ಟಿ ಗಟ್ಟಿಯಾಗಿ ಕಾಣಿಸಿತು, ಮೊದಲಿಗಿಂತ ಚಿಕ್ಕದೂ ಆಗಿತ್ತು. "ಈಗ ತೆಗೀಬಹುದು," ಅಂದರು ವೆಂಕಟಸುಬ್ಬಯ್ಯನವರು. ಆಪರೇಷನ್ ದಿನ ಮರಿಯಯ್ಯ, ಚಿಕ್ಕಣ್ಣ ಇಬ್ಬರೂ ವರಾಂಡದಲ್ಲಿ ಕೂತಿದ್ದರು. ಎರಡು ಗಂಟೆ ಹೊತ್ತಿನ ಮೇಲೆ ನರ್ಸಮ್ಮ ಬಿಳಿ ತಟ್ಟೆಯೊಂದನ್ನು ತಂದು ತೋರಿಸಿದಳು. ಅದರಲ್ಲಿ ಅಡಿಕೆ ಹೋಳಿನಷ್ಟು ದೊಡ್ಡದೊಂದು ಮೂಳೆಯ ಚೂರು.

"ಇಷ್ಟೇನಾ?" ಅಂದ ಮರಿಯಯ್ಯ. ಆಮೇಲೆ ಮತ್ತೆ, "ಇಷ್ಟೇನಾ ಚಿಕ್ಕ?" ಅಂದು ಮುಖಕ್ಕೆ ಟವೆಲು ಒತ್ತಿಕೊಂಡ. ಚಿಕ್ಕಣ್ಣ ಮಾವನ ಬೆನ್ನ ಮೇಲೆ ಕೈಯಿಟ್ಟ. ಹಾಗೆ ಮಾಡಿದ್ದು ಅದೇ ಮೊದಲು.

ಹೊಲಿಗೆ ಬಿಚ್ಚಿದ ಮೇಲೆ ಡಾಕ್ಟರು ಅದೇ ಮಾತು ಹೇಳಿ ಕಳಿಸಿದರು. ಮಡಿಸಬೇಕು, ಆದರೆ ಅವಳೇ ಮಡಿಸಬೇಕು. ಚೆಲುವಮ್ಮ ಬೆಳಿಗ್ಗೆ ಸಂಜೆ ಜಗಲಿಯ ಮೇಲೆ ಕೂತು ಕೈಯನ್ನು ಎದೆಯ ಕಡೆಗೆ ತಂದುಕೊಳ್ಳಲು ಹೆಣಗುತ್ತಿದ್ದಳು. ಮರಿಯಯ್ಯ ಎದುರಿಗೆ ಕೂತು ತನ್ನ ಎರಡು ಕೈಗಳನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದ. ಅವಳ ಕೈ ನಡುಗಿ ನಿಂತಾಗ ಅವನ ಭುಜದ ಸ್ನಾಯು ತಾನಾಗಿ ಬಿಗಿಯುತ್ತಿತ್ತು. ಒಂದು ಬೆರಳಿನಷ್ಟು ಒತ್ತಿಕೊಟ್ಟರೆ ಬಂದುಬಿಡುತ್ತದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಒತ್ತಲಿಲ್ಲ.

"ಎಷ್ಟು ಬಂತಪ್ಪ?"

"ನಿನ್ನೆಗಿಂತ ಒಂದ್ ಗುಲಗಂಜಿ ಜಾಸ್ತಿ."

ಕೈ ಎದೆಯವರೆಗೆ ಬಂತು. ದೀಪಾವಳಿ ಕಳೆದ ಮೇಲೆ ಕುತ್ತಿಗೆಯ ಹತ್ತಿರ ಬಂತು. ಅಲ್ಲಿ ನಿಂತಿತು. ಪುಷ್ಯ ಮಾಸದಲ್ಲಿ ಡಾಕ್ಟರು ಅಳೆದು ನೋಡಿ, "ಇಷ್ಟೇ ಅಮ್ಮ. ತಲೆಯ ಹಿಂದಕ್ಕೆ ಹೋಗಲ್ಲ, ಜಡೆ ಹಾಕಿಕೊಳ್ಳೋಕೆ ಆಗಲ್ಲ. ಉಳಿದದ್ದೆಲ್ಲ ಮಾಡ್ಕೋಬಹುದು," ಅಂದರು.

"ಇನ್ನೊಂಚೂರು ಆಗಾಕಿಲ್ವಾ ಸ್ವಾಮಿ?" ಮರಿಯಯ್ಯ ಕೇಳಿದ.

"ಇಲ್ಲ."

ಅವತ್ತು ಮನೆಯಲ್ಲಿ ಅವರೆಕಾಳಿನ ಸಾರು, ಮುದ್ದೆ. ಎಲ್ಲರೂ ತಟ್ಟೆಯ ಮುಂದೆ ಕೂತರು. ಕೆಂಚಮ್ಮ ಅಭ್ಯಾಸದಂತೆ ಮುದ್ದೆ ಮುರಿದು ಸಾರಿಗೆ ಅದ್ದಿ ಮಗಳ ಕಡೆ ಕೈ ಚಾಚಿದಳು.

"ಇರವ್ವ. ನಾನೇ ನೋಡ್ತೀನಿ."

ಚೆಲುವಮ್ಮ ಬಲಗೈಯಲ್ಲಿ ಮುದ್ದೆ ಮುರಿದಳು, ಅದ್ದಿದಳು, ಎತ್ತಿದಳು. ಕೈ ಗಲ್ಲದ ಹತ್ತಿರ ಬಂದು ತಡೆಯಿತು. ಅವಳು ಕತ್ತನ್ನು ಮುಂದೆ ಬಗ್ಗಿಸಿದಳು. ತುತ್ತು ಬಾಯಿಗೆ ಬಂತು. ಸಾರು ಗಲ್ಲದ ಮೇಲೆ ಇಳಿಯಿತು, ಅವಳು ಒರೆಸಿಕೊಳ್ಳಲಿಲ್ಲ. ಎರಡನೆಯದು, ಮೂರನೆಯದು. ಮುದ್ದೆ ಮುಗಿದ ಮೇಲೆ, "ಇನ್ನೊಂದ್ ಇಕ್ಕವ್ವ," ಅಂದಳು. ಹದಿನೇಳು ತಿಂಗಳಲ್ಲಿ ಅವಳು ಎರಡನೆಯ ಮುದ್ದೆ ಕೇಳಿರಲಿಲ್ಲ.

ಕೆಂಚಮ್ಮನ ಕೈಯಲ್ಲಿದ್ದ ತುತ್ತು ಹಾಗೇ ಇತ್ತು. ಅದನ್ನು ಪುಟ್ಟತಾಯಿಯ ಬಾಯಿಗೆ ಇಡಲು ಹೋದಳು. "ನಾನೂ ಅವ್ವನ ಥರ," ಅಂತ ಕೂಸು ಮುಖ ತಿರುಗಿಸಿ ತನ್ನ ತಟ್ಟೆಗೆ ಕೈ ಹಾಕಿತು. ಕೆಂಚಮ್ಮ ನಕ್ಕಳು. ಬಡಿಸಿ ಮುಗಿಸಿ, ನೀರು ತರುವ ನೆಪದಲ್ಲಿ ಹಿತ್ತಿಲಿಗೆ ಹೋದವಳು ಬಹಳ ಹೊತ್ತು ಬರಲಿಲ್ಲ.

ಊಟವಾದ ಮೇಲೆ ಚಿಕ್ಕಣ್ಣ ಮಗಳನ್ನು ಕರೆದುಕೊಂಡು ಹೊರಗೆ ಹೋದ. ಮರಿಯಯ್ಯ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದ. ಚೆಲುವಮ್ಮ ಬಂದು ಪಕ್ಕದಲ್ಲಿ ಕೂತಾಗ ಎಂದಿನಂತೆ ಏಳಲು ಹೋದ.

"ಕೂತ್ಕೊ ಅಪ್ಪ. ಈ ಕೈ ನೋಯ್ತದೆ." ಅವಳು ಎಡಗೈ ಮುಂದೆ ಚಾಚಿದಳು. "ಎಲ್ಲಾನೂ ಇದೇ ಮಾಡಿ ಮಾಡಿ ಮಣಿಕಟ್ಟು ಬಿದ್ದೋಯ್ತಾ ಅದೆ. ಒಂಚೂರು ಒತ್ತು."

ಮರಿಯಯ್ಯ ಹಿಂದಕ್ಕೆ ಸರಿದ. "ಡಾಕ್ಟ್ರು ಮುಟ್ಟಬ್ಯಾಡಿ ಅಂದವ್ರೆ."

"ಅದು ಆ ಕೈಗೆ."

"ಇದಕ್ಕೂ ಒಂದ್ ಮಾತು ಕೇಳ್ಕೊಂಡ್ ಬರಾನ, ನಾಳೀಕೆ."

"ಅಪ್ಪ, ಇದು ಬಿದ್ದ ಕೈಯಲ್ಲ. ಬರೀ ದಣಿದಿರೋ ಕೈ." ಅವಳು ಕೈ ಹಿಂದೆ ತೆಗೆದುಕೊಳ್ಳಲಿಲ್ಲ. "ನೀನು ನನ್ನ ಮುಟ್ಟಿ ಎಷ್ಟು ದಿನ ಆಯ್ತು ಗೊತ್ತಾ?"

ಅವನಿಗೆ ಗೊತ್ತಿತ್ತು. ಎದ್ದು ಹೋಗಿ ತೊಟ್ಟಿಯ ನೀರಿನಲ್ಲಿ ಎರಡು ಕೈಗಳನ್ನೂ ತೊಳೆದ, ಪಂಚೆಯಲ್ಲಿ ಒರೆಸಿಕೊಂಡ, ಬಂದು ಕೂತ. ಮಗಳ ಅಂಗೈಯನ್ನು ತನ್ನ ಅಂಗೈಗಳ ನಡುವೆ ಎತ್ತಿಕೊಂಡ.

"ಒತ್ತಪ್ಪ."

"ಒತ್ತೀನಿ ಇರು," ಅಂದ. ಒತ್ತದೆ, ಸುಮ್ಮನೆ ಹಿಡಿದುಕೊಂಡೇ ಕೂತಿದ್ದ.